ದಂಡು ಹೋದ ಮೇಲೆ ವೈದ್ಯ ಎಷ್ಟು ದೂರ?

ಬಾಗಲಕೋಟೆಯಿಂದ ಪಶ್ಚಿಮಕ್ಕೆ, ಘಟಪ್ರಭಾ ನದಿಯ ಬಲದಂಡೆಯ ಮೇಲೆ ಕಲಾದಗಿ ಎಂಬ ಊರಿದೆ. ಇಂದಿನ ವಾಚಕರಿಗೆ ಅದು ದಾಳಿಂಬೆಯ, ಚಿಕ್ಕು ಹಣ್ಣಿನ ಊರು. ಹತ್ತೊಂಬತ್ತನೆಯ ಶತಮಾನದಲ್ಲಿಯಾದರೋ ಅದು ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಠಾಣೆಯಾಗಿತ್ತು. 1857ರಲ್ಲಿ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದಾಗ ಅವರ ಮೇಲೆ ನಡೆದುಬಂದ ಸೈನ್ಯ ಹೊರಟದ್ದು ಇಲ್ಲಿಂದಲೇ. 1864ರಿಂದ ಕಲಾದಗಿಯು ಒಂದು ಜಿಲ್ಲೆಯ ಮುಖ್ಯಸ್ಥಳವೂ ಆಯಿತು. ಆದರೆ 1884ರಲ್ಲಿ ಗದಗದಿಂದ ಹೊಟಗಿಗೆ ಹಾಕಿದ ರೈಲುಮಾರ್ಗವು ಕಲಾದಗಿಯನ್ನು ಮುಟ್ಟದೆ, ಬಾಗಲಕೋಟೆ ಮತ್ತು ವಿಜಾಪುರಗಳ ಮೂಲಕ ಹಾಯ್ದುಹೋಯಿತು. ಮರುವರ್ಷ ಜಿಲ್ಲೆಯ ಮುಖ್ಯಸ್ಥಳವು ವಿಜಾಪುರಕ್ಕೆ, ಎಂದರೆ ಇಂದಿನ ವಿಜಯಪುರಕ್ಕೆ, ವರ್ಗವಾಯಿತು. ದಂಡೂ ಕಚೇರಿಗಳೂ ಇಲ್ಲದೆ ಹೋದ ಮೇಲೆ ಕಲಾದಗಿಯು ತನ್ನ ಹಿಂದಿನ ಮಹತ್ತ್ವವನ್ನು ಕಳೆದುಕೊಂಡಿತು.

ಇತಿಹಾಸಕಾರರು ಇಂತಹ ಸಂದರ್ಭದಲ್ಲಿ ಹಾಳುಬಿದ್ದ ಬಂಗಲೆಗಳನ್ನೂ ಬರಿದಾದ ಪೇಟೆಯನ್ನೂ ವರ್ಣಿಸುತ್ತಾರೆ. ನಾವು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆ ಬೇರೆ. ದಂಡಿನ ಜೊತೆಗೆ ದಂಡಿನ ವೈದ್ಯನೂ ಹೋಗುತ್ತಾನೆ. ಜಿಲ್ಲಾ ಕಚೇರಿಯ ಜೊತೆಗೆ ಸಿವಿಲ್ ಸರ್ಜನ್ ಎಂಬ ಅಧಿಕಾರಿಯೂ ಹೋಗುತ್ತಾನೆ. ಹಾಗಾದರೆ ಊರಿನಲ್ಲಿ ಉಳಿದವರು ಕಾಯಿಲೆ ಬಿದ್ದಾಗ ಎಷ್ಟು ದೂರ ಹೋಗಬೇಕು? ಈ 'ಎಷ್ಟು' ಎಂಬುದನ್ನು ಅಳೆಯಬಹುದು. ಅಳೆಯಬಹುದಾದ್ದರಿಂದಲೇ ಇದು ವಿಜ್ಞಾನದ ವಿದ್ಯಾರ್ಥಿಗಳು ಎತ್ತಿಕೊಳ್ಳಬಹುದಾದ ವಿಷಯ.

ಮೊದಲು ಬರಿಯ ದೂರವನ್ನು ನೋಡೋಣ. ಆ ಕಾಲದ ಆಡಳಿತದ ಗಡಿಗಳು ಇಂದಿನಂತೆ ಇರಲಿಲ್ಲ. ಅವನ್ನು ಸದ್ಯಕ್ಕೆ ಮರೆತು, ನಕ್ಷೆಯ ಮೇಲೆ ಅಳತೆಪಟ್ಟಿಯನ್ನಿಟ್ಟು ನೇರ ರೇಖೆಯಲ್ಲಿ ಅಳೆಯೋಣ. ಕಲಾದಗಿಯಿಂದ ಬಬಲೇಶ್ವರಕ್ಕೆ ಸುಮಾರು 50 ಕಿಲೋಮೀಟರು, ತಿಕೋಟಾಕ್ಕೆ ಸುಮಾರು 70, ವಿಜಯಪುರಕ್ಕೂ ಸುಮಾರು 70. ನಡುವೆ ಘಟಪ್ರಭಾ, ಕೃಷ್ಣಾ ಎರಡೂ ನದಿಗಳು. ಮುಖ್ಯಸ್ಥಳವು ವಿಜಯಪುರಕ್ಕೆ ಬಂದ ಮೇಲೆ ತಿಕೋಟಾಕ್ಕೆ ಅದು 20 ಕಿಲೋಮೀಟರಿನಷ್ಟು ಹತ್ತಿರವಾಯಿತು. ಬಬಲೇಶ್ವರಕ್ಕೆ 22ರಷ್ಟು. ಕಲಾದಗಿಗೆ ಸೊನ್ನೆಯಾಗಿದ್ದುದು 70 ಆಯಿತು. ನಾಲ್ಕೂ ಊರುಗಳಿಗೆ ಸಮನಾದ ತೂಕ ಕೊಟ್ಟು ಸರಾಸರಿ ತೆಗೆದರೆ ಹಿಂದೆ 47 ಕಿಲೋಮೀಟರಿಗೂ ಮೇಲಿದ್ದ ದೂರವು 28ಕ್ಕೆ ಇಳಿಯಿತೆಂದು ತೋರುವುದು. ಲೆಕ್ಕಪತ್ರದಲ್ಲಿ ಇದು ಸ್ಪಷ್ಟವಾದ ಲಾಭ. ಆದರೆ ಕಲಾದಗಿಯವನೊಬ್ಬನಿಗೆ ಈ ಸರಾಸರಿಯನ್ನು ತೋರಿಸಿ ಸಮಾಧಾನ ಹೇಳಲಾದೀತೆ?

ಎತ್ತಿನ ಗಾಡಿಯ ವೇಗವನ್ನು ಗಂಟೆಗೆ 4 ಕಿಲೋಮೀಟರು ಎಂದಿಟ್ಟುಕೊಂಡರೆ ವಿಷಯ ಇನ್ನೂ ಸ್ಪಷ್ಟವಾಗುವುದು. 20 ಕಿಲೋಮೀಟರಿಗೆ 5 ಗಂಟೆ ಸಾಕು. ಬೆಳಗಿನ ಜಾವ ತಿಕೋಟಾ ಬಿಟ್ಟವನು ಹೊತ್ತು ನೆತ್ತಿಗೇರುವ ಮೊದಲೇ ವಿಜಯಪುರದ ಅಗಸೆಯನ್ನು ದಾಟಬಹುದು. 70 ಕಿಲೋಮೀಟರಿಗೆ ಹದಿನೇಳೂವರೆ ಗಂಟೆ. ಎತ್ತುಗಳಿಗೆ ಮೇವು, ನೀರು, ವಿಶ್ರಾಂತಿ ಸೇರಿಸಿದರೆ ಎರಡು ದಿನವಂತೂ ಖಂಡಿತ. ಮಳೆಗಾಲದಲ್ಲಿ ನದಿಗಳು ತುಂಬಿದರೆ ಹರಿಗೋಲಿನವನ ಮರ್ಜಿ ಕಾಯಬೇಕು. ದೂರ ಮೂರೂವರೆ ಪಟ್ಟು ಹೆಚ್ಚಿದರೆ ಕಷ್ಟವೂ ಮೂರೂವರೆ ಪಟ್ಟು ಮಾತ್ರ ಹೆಚ್ಚುವುದೆಂದು ತಿಳಿಯಬಾರದು. ಒಂದು ಹಗಲಿನಲ್ಲಿ ಮುಗಿಯುವ ಪ್ರಯಾಣಕ್ಕೂ ದಾರಿಯಲ್ಲಿ ರಾತ್ರಿ ತಂಗಬೇಕಾದ ಪ್ರಯಾಣಕ್ಕೂ ಇರುವ ಅಂತರ ಪ್ರಮಾಣದ್ದಲ್ಲ, ಜಾತಿಯದು. ಹೆರಿಗೆಯ ಬೇನೆ ತಿನ್ನುತ್ತಿರುವ ಹೆಂಗಸಿಗೆ ಎರಡನೆಯದು ಇಲ್ಲದ್ದಕ್ಕೆ ಸಮ.

ಸೈನ್ಯಕ್ಕೆ ಸ್ವಂತ ಆಸ್ಪತ್ರೆ ಏಕೆ ಬೇಕಾಯಿತೆಂಬುದನ್ನೂ ಇಲ್ಲಿ ಹೇಳಬೇಕು. ಯುದ್ಧದಲ್ಲಿ ಗಾಯಗೊಂಡವರ ಆರೈಕೆಗೆ ಎಂಬುದು ಅರ್ಧ ಉತ್ತರ ಮಾತ್ರ. ಹಿಂದಿನ ಕಾಲದ ದಂಡುಗಳಲ್ಲಿ ಗುಂಡಿಗಿಂತ ಜ್ವರ, ಭೇದಿ, ಕಾಲರಾಗಳಿಂದ ಸತ್ತವರೇ ಹೆಚ್ಚು. 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಇಂಗ್ಲಿಷರು ಅಲ್ಲಿಯೇ ದಂಡನ್ನಿಟ್ಟರು. ಆದರೆ ಆ ದ್ವೀಪದ ಜ್ವರದ ಕಾಟವನ್ನು ತಾಳಲಾರದೆ, 1809ರ ಹೊತ್ತಿಗೆ ಅದನ್ನು ಬೆಂಗಳೂರಿಗೆ ಸಾಗಿಸಿದರು. ಕಾಯಿಲೆಯೇ ಒಂದು ಸೇನಾಠಾಣೆಯನ್ನು ಮುಚ್ಚಿಸಿದ ನಿದರ್ಶನವಿದು. ಆ ಜ್ವರವನ್ನು ಹರಡುವುದು ಸೊಳ್ಳೆ ಎಂಬುದಕ್ಕೆ ಆಧಾರ ದೊರೆತದ್ದು 1897ರಲ್ಲಿ. ಅದನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಸಹ ಸೇನೆಯ ವೈದ್ಯನೇ, ಕಂಡುಹಿಡಿದ ಸ್ಥಳವಾದ ಸಿಕಂದರಾಬಾದೂ ದಂಡಿನ ಊರೇ.

ಹೀಗೆ ದಂಡಿನ ಆಸ್ಪತ್ರೆ ದಂಡಿಗಾಗಿಯೇ ಹುಟ್ಟಿತು. ಆದರೆ ಒಂದು ಊರಿನಲ್ಲಿ ಶಸ್ತ್ರವೈದ್ಯನೂ ಔಷಧದ ಉಗ್ರಾಣವೂ ಇದ್ದಮೇಲೆ ಸುತ್ತಲಿನವರು ಅದರತ್ತ ಸುಳಿಯದೆ ಇರುತ್ತಾರೆಯೆ? ಠಾಣೆಯಲ್ಲಿ ಕೂಲಿ ಮಾಡುವವನು, ಹಾಲು ಹಾಕುವವಳು, ಬಟ್ಟೆ ಒಗೆಯುವವನು, ನಿವೃತ್ತನಾಗಿ ಪಕ್ಕದಲ್ಲಿಯೇ ಮನೆ ಕಟ್ಟಿಕೊಂಡ ಹವಾಲ್ದಾರ, ಇವರೆಲ್ಲರಿಗೂ ಅದರಿಂದ ಸ್ವಲ್ಪ ಹೆಚ್ಚು ಕಡಮೆ ಪ್ರಯೋಜನ ಒದಗುವುದು. ಕೆಲವೆಡೆ ನಿಯಮದಿಂದ, ಕೆಲವೆಡೆ ಡಾಕ್ಟರ ದಾಕ್ಷಿಣ್ಯದಿಂದ. ನಾವಿದನ್ನು 'ಹಂಗಿನ ಸೌಲಭ್ಯ' ಎಂದು ಕರೆಯೋಣ. ಪಡೆಯುವವನಿಗೆ ಇದರ ಮೇಲೆ ಹಕ್ಕಿಲ್ಲ. ಠಾಣೆ ಇರಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವವರು ಇವನನ್ನು ಗಣನೆಗೆ ತೆಗೆದುಕೊಳ್ಳುವುದೂ ಇಲ್ಲ. ಅವರು ನೋಡುವುದು ರಕ್ಷಣೆಯ ಲೆಕ್ಕ, ಅದು ಸಹಜ. ಠಾಣೆ ಮುಚ್ಚಿದಾಗ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ಈ ಹಂಗಿನವನೇ. ಸೈನಿಕನಾದರೆ ಹೊಸ ಠಾಣೆಗೆ ಹೋಗುತ್ತಾನೆ, ಅಲ್ಲಿ ಅವನಿಗೆ ಹೊಸ ಆಸ್ಪತ್ರೆ ಇರುತ್ತದೆ.

ದೂರವಾದ ಆಸ್ಪತ್ರೆಗೆ ಜನರು ಎಷ್ಟರಮಟ್ಟಿಗೆ ಹೋಗುತ್ತಾರೆ? ಇದನ್ನು ಮೊಟ್ಟಮೊದಲು ಅಂಕಿಗಳಿಂದ ಪರೀಕ್ಷಿಸಿದವರಲ್ಲಿ ಅಮೆರಿಕದ ಎಡ್ವರ್ಡ್ ಜಾರ್ವಿಸ್ ಎಂಬ ವೈದ್ಯನೊಬ್ಬ. 1850ರ ಸುಮಾರಿಗೆ ಆತ ಮಾನಸಿಕ ಚಿಕಿತ್ಸಾಲಯಗಳ ದಾಖಲೆಗಳನ್ನು ತೆಗೆದು, ರೋಗಿಗಳು ಯಾವ ಯಾವ ಪ್ರದೇಶದಿಂದ ಬಂದವರೆಂದು ವಿಂಗಡಿಸಿದ. ಚಿಕಿತ್ಸಾಲಯಕ್ಕೆ ಹತ್ತಿರವಾದ ಪ್ರದೇಶಗಳಿಂದ ಜನಸಂಖ್ಯೆಗೆ ಹೋಲಿಸಿದರೆ ಬಹುಮಂದಿ ಬಂದಿದ್ದರು. ದೂರ ಹೆಚ್ಚಿದಂತೆಲ್ಲ ಸಂಖ್ಯೆ ಇಳಿಯುತ್ತ ಹೋಗಿತ್ತು. ಬುದ್ಧಿಭ್ರಮಣೆಯು ಆಸ್ಪತ್ರೆಯ ಸುತ್ತಮುತ್ತಲೇ ಹೆಚ್ಚಾಗಿ ಹುಟ್ಟುವ ಕಾಯಿಲೆಯಲ್ಲವಷ್ಟೆ! ದೂರದವರು ಕಾಯಿಲೆಯಿಲ್ಲದೆ ಬಾರದೆ ಇದ್ದವರಲ್ಲ, ಬರಲಾರದೆ ಉಳಿದವರು. ಈ ನಿಯಮಕ್ಕೆ ಇಂದಿಗೂ ಜಾರ್ವಿಸನ ಹೆಸರೇ ಇದೆ.

ಭೌತಶಾಸ್ತ್ರದ ವಿದ್ಯಾರ್ಥಿಗೆ ಕೂಡಲೇ ನ್ಯೂಟನ್ನನ ಗುರುತ್ವ ನಿಯಮ ನೆನಪಿಗೆ ಬರುವುದು. ವಸ್ತುರಾಶಿ ಹೆಚ್ಚಿದಂತೆ ಸೆಳೆತ ಹೆಚ್ಚುತ್ತದೆ, ದೂರ ಹೆಚ್ಚಿದಂತೆ ಕುಗ್ಗುತ್ತದೆ. ದೊಡ್ಡ ಆಸ್ಪತ್ರೆಯೂ ಹಾಗೆಯೇ ಹೆಚ್ಚು ಜನರನ್ನು ಸೆಳೆಯುತ್ತದೆ, ದೂರದ ಆಸ್ಪತ್ರೆ ಕಡಮೆ ಜನರನ್ನು. ಈ ಹೋಲಿಕೆಯನ್ನು ಊರುಕೇರಿಗಳ ವಿಷಯದಲ್ಲಿ ಬಳಸುವ ಸೂತ್ರವೊಂದನ್ನು 1959ರಲ್ಲಿ ವಾಲ್ಟರ್ ಹ್ಯಾನ್ಸನ್ ಎಂಬಾತ ಪ್ರಕಟಿಸಿದ. ಅಂದಿನಿಂದ ಆಸ್ಪತ್ರೆ, ಶಾಲೆ, ಮಾರುಕಟ್ಟೆಗಳ 'ನಿಲುಕು' ಅಳೆಯಲು ಅದರ ನಾನಾ ರೂಪಗಳು ಬಳಕೆಯಲ್ಲಿವೆ. ಆದರೆ ಒಂದು ಎಚ್ಚರಿಕೆ. ದೀಪದ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದೇಕೆಂದರೆ ಅದು ಗೋಳದ ಮೇಲ್ಮೈಯಲ್ಲಿ ಹರಡಿಕೊಳ್ಳುತ್ತದೆ, ಗೋಳದ ಮೇಲ್ಮೈಯು ತ್ರಿಜ್ಯದ ವರ್ಗದಂತೆ ಬೆಳೆಯುತ್ತದೆ. ಅಲ್ಲಿ 2 ಎಂಬ ಘಾತಾಂಕಕ್ಕೆ ರೇಖಾಗಣಿತದ ಕಾರಣವಿದೆ. ರೋಗಿಗಳ ವಿಷಯದಲ್ಲಿ ಅಂತಹ ಕಾರಣ ಯಾವುದೂ ಇಲ್ಲ. ಘಾತಾಂಕವನ್ನು ತರ್ಕದಿಂದ ಪಡೆಯಲಾಗದು, ಊರೂರು ತಿರುಗಿ ಎಣಿಸಿಯೇ ತಿಳಿಯಬೇಕು. ಅದು ಕಾಯಿಲೆಯಿಂದ ಕಾಯಿಲೆಗೂ ಬದಲಾಗುವುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಆಸ್ಪತ್ರೆ 2 ಕಿಲೋಮೀಟರು ದೂರದಲ್ಲಿದ್ದಾಗ ಒಂದು ಊರಿನಿಂದ ನೂರು ಜನ ಹೋಗುತ್ತಿದ್ದರೆನ್ನಿ. ಆ ಆಸ್ಪತ್ರೆ ಮುಚ್ಚಿ, ಮುಂದಿನದು 20 ಕಿಲೋಮೀಟರಿನಲ್ಲಿದೆ. ದೂರ ಹತ್ತು ಪಟ್ಟಾಯಿತು. ಘಾತಾಂಕ ಕಾಲು ಆದರೆ ನೂರರಲ್ಲಿ 56 ಜನ ಹೋಗುವರು, ಅರ್ಧವಾದರೆ 32, ಒಂದಾದರೆ 10 ಮಾತ್ರ. ಕಾಲು ಮುರಿದವನು, ಹಾವು ಕಚ್ಚಿದವನು ಎಷ್ಟೇ ದೂರವಾದರೂ ಹೊರಟೇ ಹೊರಡುವನು, ಅವನ ಘಾತಾಂಕ ಅತ್ಯಲ್ಪ. ರಕ್ತದ ಒತ್ತಡಕ್ಕೆ ತಿಂಗಳು ತಿಂಗಳು ಗುಳಿಗೆ ತರಬೇಕಾದವನು, ಮೂರು ವಾರದಿಂದ ಕೆಮ್ಮುತ್ತಿರುವವಳು, ಮೊದಲ ಬಸುರಿನ ತಪಾಸಣೆಗೆ ಹೋಗಬೇಕಾದವಳು, ಇವರು 'ಮುಂದಿನ ಸಂತೆಗೆ ಹೋದಾಗ ನೋಡೋಣ' ಎನ್ನುವರು. ಇವರ ಘಾತಾಂಕ ದೊಡ್ಡದು.

ಇದರಲ್ಲಿರುವ ಅಪಾಯ ಸೂಕ್ಷ್ಮವಾದುದು. ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಬಂದವರ ಹೆಸರಿರುವುದೇ ಹೊರತು ಬಾರದವರ ಹೆಸರಿರುವುದಿಲ್ಲ. ಠಾಣೆಯ ಆಸ್ಪತ್ರೆ ಮುಚ್ಚಿದ ಮೇಲೆ ನಗರದ ಆಸ್ಪತ್ರೆಯಲ್ಲಿ ನೂಕುನುಗ್ಗಲು ಹೆಚ್ಚಲಿಲ್ಲವೆಂದು ಅಧಿಕಾರಿಯೊಬ್ಬರು ವರದಿ ಬರೆಯಬಹುದು. ಅಂಕಿಗಳು ಸುಳ್ಳಾಗಿರಲಾರವು. ಆದರೆ ಹೆಚ್ಚದಿರುವುದಕ್ಕೆ ಎರಡು ಕಾರಣಗಳಿರಬಹುದಲ್ಲವೆ? ಜನರಿಗೆ ಅವಶ್ಯವಿರಲಿಲ್ಲ ಎಂಬುದು ಒಂದು, ಜನರು ತಲುಪಲಿಲ್ಲ ಎಂಬುದು ಇನ್ನೊಂದು. ದಾಖಲೆ ಪುಸ್ತಕ ಇವೆರಡರ ನಡುವೆ ಭೇದವೆಣಿಸದು.

ಸರಾಸರಿಯೂ ಇಂತಹುದೇ ಮೋಸಗಾತಿ. ಇನ್ನೊಂದು ಕಲ್ಪಿತ ಲೆಕ್ಕ ಮಾಡೋಣ. ಠಾಣೆಯ ಆಸ್ಪತ್ರೆಯಲ್ಲಿ 8 ಡಾಕ್ಟರು, ಅದನ್ನು ನೆಚ್ಚಿಕೊಂಡವರು 12,000 ಮಂದಿ. ಇವರಲ್ಲಿ 10,000 ಸೈನಿಕರು ಮತ್ತು ಅವರ ಮನೆಯವರು, 2,000 ಸ್ಥಳೀಯರು. ನಗರದ ಆಸ್ಪತ್ರೆಯಲ್ಲಿ 40 ಡಾಕ್ಟರು, 60,000 ಮಂದಿ. ಒಟ್ಟಿನಲ್ಲಿ 48 ಡಾಕ್ಟರಿಗೆ 72,000 ಜನ, ಎಂದರೆ ತಲಾ 1,500. ಠಾಣೆ ಎದ್ದುಹೋಯಿತು. 10,000 ಜನ ಹೋದರು, 8 ಡಾಕ್ಟರೂ ಹೋದರು. ಈಗ 40 ಡಾಕ್ಟರಿಗೆ 62,000 ಜನ, ತಲಾ 1,550. ನೂರಕ್ಕೆ ಮೂರರಷ್ಟು ವ್ಯತ್ಯಾಸ! ಜಿಲ್ಲೆಯ ಕೋಷ್ಟಕದಲ್ಲಿ ಇದು ಕಣ್ಣಿಗೂ ಬೀಳದು. ಆದರೆ ಆ 2,000 ಜನಕ್ಕೆ ವೈದ್ಯನು ಕೂಗಳತೆಯಿಂದ ಬಸ್ಸಿನ ದಾರಿಗೆ ಸರಿದಿದ್ದಾನೆ. ನೂರು ಜನರ ಸರಾಸರಿ ಎತ್ತರದ ಆಳವಿರುವ ಹೊಳೆಯಲ್ಲಿ ಗಿಡ್ಡನಾದವನು ಮುಳುಗಿದ ಕಥೆ ಇದು.

ಇನ್ನೊಂದು ಪರಿಣಾಮವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. ಪೇಟೆಯಲ್ಲಿ ಖಾಸಗಿಯಾಗಿ ವೃತ್ತಿ ಮಾಡುವ ಡಾಕ್ಟರನಿಗೂ ಔಷಧದ ಅಂಗಡಿಯವನಿಗೂ ಇಷ್ಟು ಗಿರಾಕಿಗಳಾದರೂ ಇರಬೇಕೆಂಬ ಕನಿಷ್ಠ ಮಿತಿಯೊಂದುಂಟು. ಠಾಣೆಯ ಸಂಬಳದ ಹಣ ಪೇಟೆಗೆ ಬರುವುದು ನಿಂತಾಗ ಗಿರಾಕಿಗಳು ಆ ಮಿತಿಗಿಂತ ಕೆಳಗಿಳಿದರೆ, ಠಾಣೆಗೆ ನೇರ ಸಂಬಂಧವೇ ಇಲ್ಲದಿದ್ದ ಅವರೂ ಬಾಗಿಲು ಹಾಕುವರು. ಪರಮಾಣು ವಿದಳನದಲ್ಲಿ ಕ್ರಾಂತಿರಾಶಿಗಿಂತ ಕಡಮೆಯಾದ ಯುರೇನಿಯಮಿನಲ್ಲಿ ಸರಪಳಿ ಕ್ರಿಯೆ ತಾನಾಗಿ ನಿಂತುಹೋಗುವಂತೆ.

ಹೊರದೇಶಗಳಲ್ಲಿ ಇದಕ್ಕೆ ನಿದರ್ಶನಗಳು ವಿಪುಲವಾಗಿವೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಪೋರ್ಟ್ಸ್‌ಮತ್ ಬಂದರಿನ ಪಶ್ಚಿಮಕ್ಕೆ ಗಾಸ್ಪೋರ್ಟ್ ಎಂಬ ಊರು. ಅಲ್ಲಿಯ ಹಾಸ್ಲರ್ ನೌಕಾ ಆಸ್ಪತ್ರೆಯು 1753ರಲ್ಲಿ ರೋಗಿಗಳಿಗೆ ತೆರೆಯಿತು. ಕಿತ್ತಳೆ ನಿಂಬೆಗಳಿಂದ ಸ್ಕರ್ವಿ ರೋಗ ವಾಸಿಯಾಗುವುದನ್ನು 1747ರಲ್ಲಿ ಹಡಗಿನ ಮೇಲೆ ಹನ್ನೆರಡು ಮಂದಿ ನಾವಿಕರಲ್ಲಿ ಪ್ರಯೋಗ ಮಾಡಿ ತೋರಿಸಿದ ಜೇಮ್ಸ್ ಲಿಂಡ್, 1758ರಿಂದ ಇಪ್ಪತ್ತೈದು ವರ್ಷ ಇಲ್ಲಿಯೇ ಮುಖ್ಯ ವೈದ್ಯನಾಗಿದ್ದ. ನಾವಿಕರಿಗಾಗಿ ಕಟ್ಟಿದ ಈ ಆಸ್ಪತ್ರೆ ಇಪ್ಪತ್ತನೆಯ ಶತಮಾನದಲ್ಲಿ ಊರಿನವರಿಗೂ ಚಿಕಿತ್ಸೆ ಕೊಡುತ್ತಿತ್ತು. 1998ರಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗಾಸ್ಪೋರ್ಟಿನ ಜನ ಸಾವಿರಗಟ್ಟಲೆ ಬೀದಿಗಿಳಿದರು. ಆದರೂ 2007ರಲ್ಲಿ ಸೇನೆ ಅದನ್ನು ಬಿಟ್ಟುಕೊಟ್ಟಿತು, 2009ರಲ್ಲಿ ಬಾಗಿಲು ಮುಚ್ಚಿತು. ಜನರ ಕಳವಳಕ್ಕೆ ಕಾರಣ ನಕ್ಷೆಯನ್ನು ನೋಡಿದರೆ ತಿಳಿಯುವುದು. ಗಾಸ್ಪೋರ್ಟ್ ಮೂರು ಕಡೆ ನೀರಿನಿಂದ ಸುತ್ತುವರಿದ ನೆಲ. ಆಚೆ ದಡದ ಪೋರ್ಟ್ಸ್‌ಮತ್ ಹಕ್ಕಿಗೆ ಒಂದು ಕಿಲೋಮೀಟರೂ ಇಲ್ಲ. ಆದರೆ ರೋಗಿಯನ್ನು ಹೊತ್ತ ವಾಹನವು ಒಂದೇ ಮುಖ್ಯ ರಸ್ತೆಯಲ್ಲಿ, ವಾಹನಗಳ ಸಾಲಿನಲ್ಲಿ ತೆವಳುತ್ತ, ಬಂದರಿನ ತಲೆಯನ್ನು ಬಳಸಿಕೊಂಡು ಹೋಗಬೇಕು. ಯೂಕ್ಲಿಡನ ದೂರ ಬೇರೆ, ಆಂಬುಲೆನ್ಸಿನ ದೂರ ಬೇರೆ. ಹೊಳೆ ತುಂಬಿದಾಗ ಕಲಾದಗಿಯಿಂದ ಹೊರಟವನ ಕಷ್ಟ ಇದೇ ಬಗೆಯದು.

ಅಮೆರಿಕದಲ್ಲಿ 1988ರಿಂದ 2005ರವರೆಗೆ ಐದು ಸುತ್ತುಗಳಲ್ಲಿ ಅನೇಕ ಸೇನಾನೆಲೆಗಳನ್ನು ಮುಚ್ಚಲು ತೀರ್ಮಾನಿಸಲಾಯಿತು. ಅಲ್ಲಿಯ ನೆಲೆಗಳ ಆಸ್ಪತ್ರೆಗಳಲ್ಲಿ ನಿವೃತ್ತ ಸೈನಿಕರಿಗೆ 'ಜಾಗ ಖಾಲಿ ಇದ್ದರೆ' ಚಿಕಿತ್ಸೆ ಎಂಬ ಪದ್ಧತಿಯಿತ್ತು. ಆಸ್ಪತ್ರೆಯನ್ನು ನೆಚ್ಚಿಯೇ ಎಷ್ಟೋ ನಿವೃತ್ತರು ನೆಲೆಯ ಪಕ್ಕದಲ್ಲಿ ಮನೆ ಮಾಡಿಕೊಂಡಿದ್ದರು. ನೆಲೆ ಹೋಯಿತು, ಆಸ್ಪತ್ರೆ ಹೋಯಿತು, ಮನೆ ಮಾತ್ರ ಉಳಿಯಿತು. ಕ್ಯಾಲಿಫೋರ್ನಿಯದ ಫೋರ್ಟ್ ಆರ್ಡ್ 1994ರಲ್ಲಿ ಮುಚ್ಚಿದಾಗ ಹೀಗಾಯಿತು. ಅರವತ್ತೈದು ದಾಟಿದ ನಿವೃತ್ತರಿಗೆ ಹೊರಗಿನ ಆಸ್ಪತ್ರೆಯ ವೆಚ್ಚವನ್ನು ಭರಿಸುವ ಯೋಜನೆಯು ಆ ದೇಶದಲ್ಲಿ ಜಾರಿಗೆ ಬಂದದ್ದು 2001ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ನಾಲ್ಕು ಸುತ್ತುಗಳ ತೀರ್ಮಾನಗಳು ಮುಗಿದಿದ್ದುವು.

ಎಲ್ಲ ಕಡೆಯೂ ಕಥೆ ದುಃಖಾಂತವೇ ಎಂದು ತಿಳಿಯಬೇಕಾಗಿಲ್ಲ. ಕೊಲರಾಡೊ ಸಂಸ್ಥಾನದ ಫಿಟ್ಜ್‌ಸೈಮನ್ಸ್ ಸೇನಾ ಆಸ್ಪತ್ರೆಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ 1955ರಲ್ಲಿ ಹೃದಯಾಘಾತವಾದಾಗ ಚಿಕಿತ್ಸೆ ಪಡೆದಿದ್ದರು. 1999ರಲ್ಲಿ ಅದು ಮುಚ್ಚಿತು. ಆದರೆ ಆ ವಿಶಾಲವಾದ ನೆಲದ ಮೇಲೆ ಕೊಲರಾಡೊ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿಭಾಗಗಳೂ ಆಸ್ಪತ್ರೆಗಳೂ ಎದ್ದು, ಮೊದಲಿಗಿಂತ ಮಿಗಿಲಾದ ವೈದ್ಯಕೇಂದ್ರವಾಯಿತು. ನಮ್ಮ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಇಂತಹ ಒಂದು ಉದಾಹರಣೆ. 1860ರ ದಶಕದಲ್ಲಿ ದಂಡುಪ್ರದೇಶದಲ್ಲಿ ಹುಟ್ಟಿದ ಅದು, 1947ರಲ್ಲಿ ಆ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಹಿಂತಿರುಗಿದ ಮೇಲೆಯೂ ನಿಲ್ಲಲಿಲ್ಲ. ಇಂದು ಅದಕ್ಕೆ ವೈದ್ಯಕೀಯ ಕಾಲೇಜೂ ಸೇರಿದೆ. ಈ ಎರಡು ಕಡೆಯೂ ಆಸ್ಪತ್ರೆಯನ್ನು ಕೈಗೆತ್ತಿಕೊಳ್ಳಲು ಮತ್ತೊಬ್ಬ ಯಜಮಾನ ಸಿದ್ಧನಾಗಿದ್ದ. ಕೋಲಾರದ ಚಿನ್ನದ ಗಣಿಯಲ್ಲಿ ಅಂಥವರು ಯಾರೂ ಇರಲಿಲ್ಲ. ಅದು ಸೇನಾನೆಲೆಯಲ್ಲ ನಿಜ. ಆದರೆ ಒಂದೇ ಒಡೆತನದ ಊರು ಎಂಬ ಅರ್ಥದಲ್ಲಿ ಅದಕ್ಕೆ ಹತ್ತಿರದ ಬಂಧು. 2001ರ ಫೆಬ್ರವರಿ 28ರಂದು ಗಣಿ ನಿಂತಿತು, ಅದರೊಂದಿಗೆ ಗಣಿಯ ದೊಡ್ಡ ಆಸ್ಪತ್ರೆಯೂ ಮುಚ್ಚಿತು. ಇಪ್ಪತ್ತು ವರ್ಷಗಳ ಮೇಲೆ, 2021ರ ಕೋವಿಡ್ ಹಾವಳಿಯಲ್ಲಿ, ಆ ಪಾಳುಬಿದ್ದ ಕಟ್ಟಡವನ್ನೇ ಗುಡಿಸಿ ಸಾರಿಸಿ ರೋಗಿಗಳಿಗೆ ಹಾಸಿಗೆ ಹಾಕಬೇಕಾಯಿತು.

ಈ ವಿಷಯ ಇಂದು ಭಾರತದಲ್ಲಿ ಪುನಃ ಮುಂದೆ ಬಂದಿದೆ. ನಮ್ಮಲ್ಲಿ 62 ದಂಡುಪ್ರದೇಶಗಳಿದ್ದುವು. 2023ರ ಏಪ್ರಿಲಿನಲ್ಲಿ ಹಿಮಾಚಲ ಪ್ರದೇಶದ ಖಾಸ್ ಯೋಲ್ ದಂಡುಪ್ರದೇಶವನ್ನು ರದ್ದುಗೊಳಿಸಿ, ಸೈನ್ಯದ ಭಾಗವನ್ನು ಸೇನಾಠಾಣೆಯನ್ನಾಗಿಯೂ ಜನವಸತಿಯ ಭಾಗವನ್ನು ಸ್ಥಳೀಯ ಆಡಳಿತದ ಪಾಲಿಗೂ ಬೇರ್ಪಡಿಸಲಾಯಿತು. 1832ರಷ್ಟು ಹಳೆಯದಾದ ಬೆಳಗಾವಿಯ ದಂಡುಪ್ರದೇಶದ ಜನವಸತಿಯನ್ನು ಮಹಾನಗರಪಾಲಿಕೆಗೆ ಸೇರಿಸುವ ಪ್ರಸ್ತಾಪವೂ ಬಂದಿದೆ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸೈನಿಕರಿಗಾಗಿ ಸೇನೆಯು ನಡೆಸುವ ಮಿಲಿಟರಿ ಆಸ್ಪತ್ರೆ ಬೇರೆ, ದಂಡುಪ್ರದೇಶದ ನಿವಾಸಿಗಳಿಗಾಗಿ ದಂಡುಮಂಡಳಿಯು ನಡೆಸುವ ಸಾರ್ವಜನಿಕ ಆಸ್ಪತ್ರೆ ಬೇರೆ. ಇಂತಹ ಆಸ್ಪತ್ರೆ, ಔಷಧಾಲಯಗಳನ್ನು ನಡೆಸುವುದು 2006ರ ಕಾಯಿದೆಯ ಪ್ರಕಾರ ಮಂಡಳಿಯ ಕರ್ತವ್ಯಗಳಲ್ಲೊಂದು. ಮಂಡಳಿ ಹೋದರೆ ಮೊದಲನೆಯದಕ್ಕೆ ಧಕ್ಕೆಯಿಲ್ಲ. ಎರಡನೆಯದಕ್ಕೆ ಹೊಸ ಯಜಮಾನ ಬೇಕು. ಕಟ್ಟಡ ಹಸ್ತಾಂತರವಾಗುವುದು ಸುಲಭ. ಅದರೊಳಗಿನ ಡಾಕ್ಟರು, ದಾದಿಯರು, ಔಷಧದ ವಾರ್ಷಿಕ ಹಣ ಇವೂ ಹಸ್ತಾಂತರವಾಗುವುವೆ ಎಂಬುದನ್ನೇ ನಾಗರಿಕರು ಕೇಳಬೇಕು.

ವಿಜಯಪುರಕ್ಕೆ ಇದರಿಂದೇನು ಎಂದು ನಮ್ಮ ಭಾಗದ ವಿದ್ಯಾರ್ಥಿಗಳು ಕೇಳಬಹುದು. 1963ರಿಂದ ಇಲ್ಲಿ ಸೈನಿಕ ಶಾಲೆ ಇದೆಯೇ ಹೊರತು ಸೇನಾಠಾಣೆಯಿಲ್ಲ. ಆದರೆ ಸೇನೆಯಿಂದ ನಿವೃತ್ತರಾದವರು ಠಾಣೆಯಿರುವ ಊರುಗಳಲ್ಲಿಯೇ ನೆಲಸುತ್ತಾರೆಯೆ? ಅವರು ಹುಟ್ಟಿದ ಹಳ್ಳಿಗೆ ಮರಳುತ್ತಾರೆ. ನಮಗೆ ಹತ್ತಿರದ ಮಿಲಿಟರಿ ಆಸ್ಪತ್ರೆ ಬೆಳಗಾವಿಯದು. ವಿಜಯಪುರದಿಂದ ಅದು ಸುಮಾರು 200 ಕಿಲೋಮೀಟರು. ತಿಂಗಳಿಗೊಮ್ಮೆ ಗುಳಿಗೆ ತರಲು ಅಲ್ಲಿಗೇ ಹೋಗಬೇಕಾದರೆ ಹೋಗಿಬರಲು 400, ವರ್ಷಕ್ಕೆ 4,800 ಕಿಲೋಮೀಟರು. ಮೂರು ವರ್ಷದಲ್ಲಿ ಭೂಮಿಯ ವ್ಯಾಸವನ್ನೂ ಮೀರುವುದು! ಸೇನೆಯಿಲ್ಲದ ಊರಿನ ಮಾಜಿ ಸೈನಿಕನ ಪಾಡು, ಸೇನೆ ಎದ್ದುಹೋದ ಊರಿನ ಮಾಜಿ ಸೈನಿಕನ ಪಾಡಿಗಿಂತ ಬೇರೆಯಲ್ಲ. ಇದಕ್ಕೆ ಪರಿಹಾರವಾಗಿ 2003ರ ಏಪ್ರಿಲ್ 1ರಿಂದ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆ ಆರಂಭವಾಯಿತು. ಸೇನಾಠಾಣೆಗಳಿಲ್ಲದ ಸ್ಥಳಗಳಲ್ಲಿಯೂ ಪಾಲಿಕ್ಲಿನಿಕ್ಕುಗಳನ್ನು ತೆರೆದು, ಅಲ್ಲಿಂದ ಒಪ್ಪಂದದ ಖಾಸಗಿ ಆಸ್ಪತ್ರೆಗಳಿಗೆ ರೋಗಿಯನ್ನು ಕಳುಹಿಸುವ ಏರ್ಪಾಡು ಅದು. ಆಸ್ಪತ್ರೆಯನ್ನು ಠಾಣೆಯಿಂದ ಬಿಡಿಸಿ ಮನುಷ್ಯನಿಗೆ ಕಟ್ಟಿದಂತಾಯಿತು. ಇದು ಸರಿಯಾದ ದಿಕ್ಕೆಂದೇ ನಮ್ಮ ಅಭಿಪ್ರಾಯ.

ಆದರೆ ತಿಕೋಟಾ, ಬಬಲೇಶ್ವರಗಳ ಬಹುಪಾಲು ಜನರು ಮಾಜಿ ಸೈನಿಕರಲ್ಲ. ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾಗಿರುವ ಈ ಎರಡು ಊರುಗಳಿಂದಲೂ ದೊಡ್ಡ ಚಿಕಿತ್ಸೆಗೆ ವಿಜಯಪುರಕ್ಕೇ ಬರಬೇಕು. ನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಅಥಣಿ ರಸ್ತೆಯಲ್ಲಿ 1984ರ ಅಲ್-ಅಮೀನ್ ವೈದ್ಯಕೀಯ ಕಾಲೇಜು, ಸೊಲ್ಲಾಪುರ ರಸ್ತೆಯಲ್ಲಿ 1986ರ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು ಇವೆ. ಒಂದು ನಗರಕ್ಕೆ ಇದು ಕಡಮೆಯೇನೂ ಅಲ್ಲ. ಇಲ್ಲಿ ಬಿಡಿಸಬೇಕಾದ ಸಮಸ್ಯೆ ಆಸ್ಪತ್ರೆಯದಲ್ಲ, ದಾರಿಯದು. ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರಿನಲ್ಲಿ ಆರಂಭವಾಯಿತು. ಆಂಬುಲೆನ್ಸಿನ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರೆಂದು ಊಹಿಸಿ ಲೆಕ್ಕ ಹಾಕೋಣ. ಬಬಲೇಶ್ವರವು ರಸ್ತೆಯಲ್ಲಿ ಸುಮಾರು 25 ಕಿಲೋಮೀಟರು, ಎಂದರೆ ಮೂವತ್ತೇಳೂವರೆ ನಿಮಿಷ. ವಾಹನವು ನಗರದಲ್ಲಿಯೇ ನಿಂತಿದ್ದರೆ ಅದು ಊರಿಗೆ ಹೋಗಬೇಕು, ರೋಗಿಯನ್ನು ಹತ್ತಿಸಿಕೊಳ್ಳಲು 10 ನಿಮಿಷ, ಮತ್ತೆ ಹಿಂತಿರುಗಬೇಕು. ಒಟ್ಟು 85 ನಿಮಿಷ. ವಾಹನವು ಬಬಲೇಶ್ವರದಲ್ಲಿಯೇ ನಿಂತಿದ್ದರೆ ಮನೆಗೆ ತಲುಪಲು 5 ನಿಮಿಷ ಸೇರಿಸಿ 53 ನಿಮಿಷದೊಳಗೆ ರೋಗಿ ಆಸ್ಪತ್ರೆಯಲ್ಲಿರುವನು. ಆಸ್ಪತ್ರೆಯನ್ನು ಒಂದು ಅಂಗುಲವೂ ಕದಲಿಸದೆ ಅರ್ಧ ಗಂಟೆಗೂ ಮಿಗಿಲಾದ ಲಾಭ!

ಆದರೆ ವಾಹನ ಒಂದೇ ಇದ್ದರೆ? ಒಬ್ಬ ರೋಗಿಯನ್ನು ಒಯ್ದು, ಒಪ್ಪಿಸಲು ಕಾಲು ಗಂಟೆ ತೆಗೆದುಕೊಂಡು, ಮತ್ತೆ ಊರಿಗೆ ಮರಳುವಷ್ಟರಲ್ಲಿ 105 ನಿಮಿಷಗಳಾಗುವುವು. ಅಷ್ಟು ಹೊತ್ತು ಬಬಲೇಶ್ವರದ ಪಾಲಿಗೆ ಆಂಬುಲೆನ್ಸ್ ಇಲ್ಲ. ದಿನಕ್ಕೆ ನಾಲ್ಕು ಕರೆಗಳು ಬರುವುವೆಂದು ಊಹಿಸಿದರೆ, ದಿನದ 1,440 ನಿಮಿಷಗಳಲ್ಲಿ 420 ನಿಮಿಷದ ಕೆಲಸ, ಎಂದರೆ ಹೊರೆ 0.29. ಕರೆ ಬಂದಾಗ ವಾಹನ ಹೊರಗೆ ಹೋಗಿರುವ ಸಂಭವ ಎಷ್ಟು? ಈ ಪ್ರಶ್ನೆಯನ್ನು ಬಿಡಿಸಿದವನು ವೈದ್ಯನಲ್ಲ, ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ. ಟೆಲಿಫೋನಿನ ತಂತಿಗಳೆಲ್ಲ ಒಮ್ಮೆಲೇ ಕಾರ್ಯನಿರತವಾಗಿರುವ ಸಂಭವವನ್ನು ಕಂಡುಹಿಡಿಯಲು ಆತ 1917ರಲ್ಲಿ ಪ್ರಕಟಿಸಿದ ಸೂತ್ರವೇ ಇಲ್ಲಿಗೂ ಹೊಂದುವುದು. ಒಂದೇ ವಾಹನವಿದ್ದರೆ 0.29ನ್ನು 1.29ರಿಂದ ಭಾಗಿಸಬೇಕು. ಹೆಚ್ಚುಕಡಮೆ ನೂರಕ್ಕೆ 23 ಬರುವುದು. ಎರಡು ವಾಹನಗಳಿದ್ದರೆ 0.29ರ ವರ್ಗದ ಅರ್ಧವಾದ 0.042ನ್ನು, ಅದಕ್ಕೇ 1.29 ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. ಎರಡೂ ಹೊರಗಿರುವ ಸಂಭವ ನೂರಕ್ಕೆ ಸುಮಾರು 3. ಠಾಣೆಯಿದ್ದ ಊರುಗಳಲ್ಲಿ ಈ ಎರಡನೆಯ ಗಾಡಿ ಅನೇಕ ವೇಳೆ ಠಾಣೆಯದಾಗಿರುತ್ತಿತ್ತು. ಠಾಣೆ ಹೋದ ದಿನ ಅಲ್ಲಿಯ ಲೆಕ್ಕ 3ರಿಂದ 23ಕ್ಕೆ ಏರುವುದು. ಬಬಲೇಶ್ವರದಂತಹ ಊರಿನಲ್ಲಿ 23ನ್ನು 3ಕ್ಕೆ ಇಳಿಸಲು ಬೇಕಾದುದು ಇನ್ನೊಂದು ಗಾಡಿ, ಅದಕ್ಕೆ ಹಗಲು ರಾತ್ರಿ ಪಾಳಿಯ ಚಾಲಕರು, ಮತ್ತು ಅದು ಬರುವವರೆಗೆ ರೋಗಿಯ ಉಸಿರು ಹಿಡಿದಿಡಬಲ್ಲ ಒಬ್ಬ ಡಾಕ್ಟರು.